ಲಾರಿಯಲ್ಲಿ ಕೂತು ಬರೆದ ಕಥೆ

ನನ್ನ ಮೊದಲ ಕಥೆಯಲ್ಲಿ ಅಪ್ಪನ ತಮ್ಮ, ನನ್ನ ಕಾಕಾನೇ ಖಳನಾಯಕ. ಅವನಿಗೆ ಕನ್ನಡಕ ಹಾಕಿಸಿ, ದೊಡ್ಡ ಹೊಟ್ಟೆ ಇಟ್ಟು, ಊರು ಬದಲಿಸಿ, ಇನ್ನು ಯಾರಪ್ಪನಿಗೂ ಗುರುತು ಸಿಗುವುದಿಲ್ಲ ಎಂದು ಮೆರೆಯುತ್ತಿದ್ದೆ.

ನಡೆದದ್ದು ಇಷ್ಟು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಬೀಳಗಿ ಕಡೆಯ ನಮ್ಮ ಮನೆ ಬಿಚ್ಚಿದಾಗ ನಾನು ನಾಲ್ಕನೇ ಇಯತ್ತೆ. ಮುಂಬಾಗಿಲಿಗೆ ಅಜ್ಜ ಮಾಡಿಸಿದ್ದ ಸಾಗವಾನಿಯ ಜೋಡಿ ಕದ. ಎಲ್ಲರೂ ಊಟಕ್ಕೆ ಕೂತಾಗ ಕಾಕಾ ಒಂದು ಕದವನ್ನು ಟೆಂಪೊಗೆ ಹಾಕಿಕೊಂಡು ಬನಹಟ್ಟಿಯ ತನ್ನ ಮನೆಗೆ ಹೋಗಿಬಿಟ್ಟ. ಸಾಮಾನು ಹೇರಿದ್ದ ಲಾರಿಯ ಮುಂದಿನ ಸೀಟಿನಿಂದ ನಾನೇ ನೋಡಿದೆ. ಅಪ್ಪ ಅವನನ್ನು ಕಳ್ಳ ಎಂದ. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್. ಮದುವೆಮನೆಯಲ್ಲೂ ಬೇರೆ ಬೇರೆ ಪಂಕ್ತಿ. ಹೀಗೇ ಹದಿನೈದು ವರ್ಷ.

ನನ್ನ ಕಥೆಯ ವಸ್ತು ದುರಾಸೆ. ಓದುಗರು ದಡ್ಡರಿರಬಹುದೆಂದು ನೀತಿಯನ್ನು ಮೂರು ಕಡೆ ಬರೆದಿದ್ದೆ. ವಾರಪತ್ರಿಕೆಯವರು ವಾಪಸ್ ಕಳಿಸಿದರು. ಅವರಿಗೇನು ತಿಳಿಯುತ್ತದೆ ಎಂದು ಬೈದು, ಕಥೆ ಹಿಡಿದು ಬನಹಟ್ಟಿಗೆ, ಕಾಕಾನ ಹೆಂಡತಿ ಕಾಕು ಹತ್ತಿರ ಹೋದೆ. ಜಗಳವೇನಿದ್ದರೂ ಗಂಡಸರದು, ನಾವು ಹೆಂಗಸರು ಹೋಗಿಬಂದು ಮಾಡುತ್ತಲೇ ಇದ್ದೆವು.

ಕಾಕು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೇಳಲು ಕೂತಳು. ಪಕ್ಕದ ಕೋಣೆಯಲ್ಲಿ ಕಾಕಾನ ನಾಲ್ಕು ಪವರ್‌ಲೂಮ್ ಧಡಧಡ ಎನ್ನುತ್ತಿದ್ದವು. ಆ ಊರಲ್ಲಿ ಚಹಾ ಬೇಕೇ ಎಂದು ಕೇಳುವುದಕ್ಕೂ ಕೂಗಬೇಕು. ನಾನೂ ಗಂಟಲು ಹರಿಯುವಂತೆ ಓದಿದೆ. "ಅವನು ಮನುಷ್ಯನಲ್ಲ, ದುರಾಸೆಯ ಪಿಶಾಚಿ" ಎಂಬಲ್ಲಿಗೆ ಬಂದೆ, ಕರೆಂಟ್ ಹೋಯಿತು. ಮಗ್ಗಗಳೆಲ್ಲ ಗಪ್‌ಚಿಪ್. ನನ್ನ ಪಿಶಾಚಿ ಓಣಿಯ ತುದಿಯವರೆಗೂ ಕೇಳಿಸಿತು.

ಕಾಕಾ ಕೈ ಒರೆಸುತ್ತ ಬಂದ. ಪೂರ್ತಿ ಓದು ಎಂದ. ಕರೆಂಟ್ ಬರಲಪ್ಪಾ ದೇವರೇ ಎಂದು ಬೇಡಿಕೊಂಡೆ, ಬರಲಿಲ್ಲ. ಓದಿದೆ. ಖಳನ ಹೊಟ್ಟೆಯ ವರ್ಣನೆ ಬಂದಾಗ ಕಾಕಾ ತನ್ನ ಒಣಕಲು ಹೊಟ್ಟೆ ನೋಡಿಕೊಂಡ.

"ಕಥಿ ಹೇಳೂ ಈ ಹುಡುಗಿ ಎಲ್ಲಿ ಕುಂತಿದ್ಲು?" ಎಂದು ಕೇಳಿದ.

"ಲಾರ್ಯಾಗ."

"ಅದಕ್ಕ ಅಕಿಗೆ ನನ್ನ ಬೆನ್ನಷ್ಟ ಕಂಡೈತಿ. ನಿಮ್ಮಪ್ಪ ಎರಡೂ ಕದಾ ಮಾರಾಂವ ಇದ್ದ, ತಂಗಿ. ಸಂಜಿಗೆ ವ್ಯಾಪಾರಿ ಬರಾಂವಿದ್ದ. ಒಂಟಿ ಕದಾ ಯಾರೂ ಕೊಳ್ಳಂಗಿಲ್ಲ. ಅದಕ್ಕ ಒಂದ ಒಯ್ದೆ. ಎರಡೂ ಉಳದುವು."

ಹೌದಲ್ಲ! ಇನ್ನೊಂದು ಕದ ನಾವು ಹೋಗಿ ನೆಲೆಸಿದ ಜಮಖಂಡಿಯ ಮನೆಯ ಹಿತ್ತಲಲ್ಲೇ ಇತ್ತು, ಅಪ್ಪನ ಬೈಗುಳ ತಿನ್ನುತ್ತ. ಅಪ್ಪನಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಕಳ್ಳ ಅಂದಮ್ಯಾಲ ಏನ್ ಹೇಳೂದು," ಎಂದ.

ಕಥೆಯನ್ನು ಮತ್ತೆ ಬರೆದೆ. ಈ ಸಲ 'ನಾನು' ಎಂದರೆ ಕಾಕಾ. ಲಾರಿಯಿಂದಿಳಿದು ಅವನ ಹೆಗಲ ಮೇಲೆ ಕದ ಹೊರಿಸಿ ನೋಡಿದೆ, ದುರಾಸೆ ಎಲ್ಲೂ ಸಿಗಲಿಲ್ಲ. ಮೂರು ನೀತಿಗಳನ್ನೂ ಹೊಡೆದುಹಾಕಿದೆ. ಅಚ್ಚಿಗೆ ಕಳಿಸಲು ಕಾಕಾನ ಒಪ್ಪಿಗೆ ಕೇಳಿದರೆ, ಹೊಟ್ಟೆ ತೆಗೆದರೆ ಮಾತ್ರ ಎಂದ.

ಅದೇ ವಾರಪತ್ರಿಕೆಯಲ್ಲಿ ಬಂತು. ಅಪ್ಪನ ಮುಂದೆ ಇಟ್ಟು ಅಡುಗೆಮನೆಯಿಂದ ಇಣುಕಿದೆ. ಎರಡು ಸಲ ಓದಿದ. ಲಾರಿ ಕೆಂಪಿರಲಿಲ್ಲ, ನೀಲಿ ಇತ್ತು ಎಂದು ತಕರಾರು ತೆಗೆದ. ಪತ್ರಿಕೆ ಮಡಚಿಟ್ಟ.

"ಇದನ್ನ ಅಂವನ ಹೇಳಿದ್ನೇನು?"

ಹೂಂ ಎಂದೆ. ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

"ಬನಹಟ್ಟಿ ಬಸ್ ಎಷ್ಟಕ್ಕೈತಿ?"

ಅಂಗಿಯನ್ನು ಉಲ್ಟಾ ಹಾಕಿಕೊಂಡಿದ್ದ. ಬದಲಿಸಲು ಒಳಗೆ ಹೋದರೆ ಮನಸ್ಸೂ ಬದಲಿಸಿಬಿಟ್ಟಾನು ಎಂಬ ಹೆದರಿಕೆಗೆ ನಾನು ಹೇಳಲಿಲ್ಲ.