ಖಾಲಿ ಬಿಟ್ಟ ತರಂಗ

ಸೊನ್-ಕುಲ್ ಸರೋವರದ ಹುಲ್ಲುಗಾವಲಿನಲ್ಲಿ ಬೆಳಕು ಹರಿಯುವ ಮೊದಲೇ ಅಸಿಲ್ಕಾನ್ ಆಂಟೆನಾ ನೆಟ್ಟು ಕೂತಿದ್ದಾರೆ. ಚಿತ್ರತಂಡ ಇನ್ನೂ ಮಲಗಿದೆ. ವಾಕಿಟಾಕಿಗಳು ಬಾಯಿ ತೆರೆಯುವ ಮೊದಲು ಗಾಳಿಯಲ್ಲಿ ಯಾವ ತರಂಗ ಬಿಡುವಾಗಿದೆಯೆಂದು ಪರದೆಯ ಮೇಲೆ ನೋಡಿ, ನಟರ ವೈರ್‌ಲೆಸ್ ಮೈಕುಗಳಿಗೆ ಒಂದೊಂದು ಜಾಗ ಹಂಚುವುದು ಅವರ ಕೆಲಸ. ತಾವು ಕೆಲಸಕ್ಕಿದ್ದ ಊರಿನ ರೇಡಿಯೊ ಕೇಂದ್ರ ಮುಚ್ಚಿದ ಮೇಲೆ ಗಂಡ ಕಲಿಸಿದ್ದು. ಚಿತ್ರ ಮುಗಿದು ಹೆಸರುಗಳು ಬರುವಾಗ ಅವರದು ಇರುವುದಿಲ್ಲ.

"ಸುಮ್ನೆ ಅಕ್ಕಪಕ್ಕ ಕೂರಿಸೋಕಾಗಲ್ಲ. ಎರಡು ಮೈಕಿನ ತರಂಗ ಸೇರಿದ್ರೆ ಇಲ್ಲದ ಮೂರನೇದೊಂದು ಹುಟ್ಕೊಂಡು ಗೊರಗೊರ ಅನ್ನತ್ತೆ, ಭೂತದ ಥರ. ಅದು ಬೀಳೋ ಜಾಗ ಖಾಲಿ ಬಿಡ್ಬೇಕು," ಎನ್ನುತ್ತಾರೆ.

ಹೀಗೆ ಖಾಲಿ ಬಿಡುವ ಜಾಗಗಳಲ್ಲಿ ಒಂದರಲ್ಲಿ ಮಾತ್ರ ಯಾವ ಭೂತವೂ ಬೀಳುವುದಿಲ್ಲ. ಅದು ಧ್ವನಿ ಮುದ್ರಿಸುತ್ತಿದ್ದ ಗಂಡ ತುರ್ದುಬೆಕ್ ಬಳಸುತ್ತಿದ್ದ ತರಂಗ. ಮೈಕು ಪರೀಕ್ಷಿಸುವಾಗ ಅವರು ಒಂದು, ಎರಡು ಎನ್ನದೆ ಕುದುರೆಗಳ ಬಣ್ಣ ಹೇಳುತ್ತಿದ್ದರು: ಕಂದು, ಕಪ್ಪು, ಬೂದು, "ಸಿಟ್ಟು ಬಂದ ನನ್ನ ಹೆಂಡ್ತಿ ಹಾಗೆ ಕೆಂಪು." ಮೂರು ವರ್ಷದ ಹಿಂದೆ ಎದೆನೋವಿಗೆ ತೀರಿಕೊಂಡರು. ಅಲ್ಲಿಯ ರೂಢಿಯಂತೆ ಸಾವಿನ ಗುಡಾರದಲ್ಲಿ ಹೆಂಡತಿ ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳಬೇಕು. ಅಸಿಲ್ಕಾನ್‌ಗೆ ಸ್ವರವೇ ಹೊರಡಲಿಲ್ಲ.

"ನಾದಿನಿಯರು ಪಕ್ಕದಲ್ಲೇ ಕೂತು, 'ಊರವರ ಮೈಕೆಲ್ಲ ಸರಿ ಮಾಡ್ತಾಳೆ, ಇವಳ ಮೈಕೇ ಕೆಟ್ಟಿದೆ' ಅಂದ್ರು. ಸರಿಯಾಗೇ ಅಂದ್ರು."

ಇವತ್ತಿನ ದೃಶ್ಯವೂ ಅಂಥದ್ದೇ. ಎಲ್ಲರೂ ಗೌರವದಿಂದ ಅಪಾ ಎಂದು ಕರೆಯುವ ಹಿರಿಯ ನಟಿ ಬುರ್ಮಾ ವಿಧವೆಯಾಗಿ ಹಾಡಿ ಅಳಬೇಕು. ಬೆನ್ನು ಹಾಕಿ ಕೂರುವುದರಿಂದ ಉದ್ದ ಕೋಲಿನ ತುದಿಯ ಮೈಕಿಗೆ ಅವರ ದನಿ ಸಿಗದು. ತಲೆಯ ಬಿಳಿ ಸುತ್ತುಬಟ್ಟೆಯೊಳಗೆ ಮೈಕು ಅಡಗಿಸಬೇಕು. ಆದರೆ ಪಕ್ಕದ ದಿಬ್ಬದಲ್ಲಿ ಕುದುರೆ ಪಂದ್ಯ ತೋರಿಸಲು ಟೀವಿಯವರು ಬಂದಿಳಿದಿದ್ದಾರೆ. ತರಂಗಗಳೆಲ್ಲ ಭರ್ತಿ, ತುರ್ದುಬೆಕ್ ಅವರದೊಂದು ಬಿಟ್ಟು.

ತುರ್ದುಬೆಕ್ ಬದಲಿಗೆ ಈಗ ಧ್ವನಿ ಮುದ್ರಿಸುವ, ಅಸಿಲ್ಕಾನ್‌ರನ್ನು ಅಕ್ಕ ಎಂಬರ್ಥದಲ್ಲಿ ಎಜೆ ಎನ್ನುವ ಮೆದೆರ್ ಪರದೆಯತ್ತ ಇಣುಕಿ ಆ ಜಾಗ ತೋರಿಸುತ್ತಾನೆ. "ಎಜೆ, ಇಲ್ಲಿ ಭೂತ ಇದೆ ಅಂತಿದ್ರಿ. ಯಾರೂ ಇಲ್ವಲ್ಲ?"

"ಇದಾನೆ. ಸುಮ್ನಿರು."

ಮೆದೆರ್‌ಗೆ ಅರ್ಥವಾಗುತ್ತದೆ. ತಲೆ ತಗ್ಗಿಸುತ್ತಾನೆ. "ಹಾಗಾದ್ರೆ ಬಿಡಿ ಎಜೆ. ಅಪಾ ಅಳೋದು ಕೇಳದಿದ್ರೂ ಪರವಾಗಿಲ್ಲ. ನಿರ್ದೇಶಕರು ದೂರದಿಂದ ಬರೀ ಬೆನ್ನು ತೋರಿಸ್ತಾರಂತೆ."

ಅಸಿಲ್ಕಾನ್ ಚಹಾದ ಬಟ್ಟಲು ಕೆಳಗಿಡುತ್ತಾರೆ. ಆಮೇಲೆ ಅಪಾ ಅವರ ಮೈಕು ತೆಗೆದುಕೊಂಡು, ಗಂಡನ ತರಂಗಕ್ಕೆ ಕೂರಿಸಿ, ತಾವೇ ಹೋಗಿ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಸಿ ಬರುತ್ತಾರೆ.

ಗುಡಾರದೊಳಗೆ ಅಪಾ ಹಾಡತೊಡಗುತ್ತಾರೆ. ಹೊರಗೆ ಹೆಡ್‌ಫೋನ್ ಹಾಕಿ ಕೂತ ಅಸಿಲ್ಕಾನ್ ಅಲುಗುವುದಿಲ್ಲ. ಹಾಡು ಮುಗಿದ ಮೇಲೂ ತೆಗೆಯುವುದಿಲ್ಲ.

"ಅವತ್ತು ನನ್ನ ಬಾಯಲ್ಲಿ ಹಾಡು ಬರ್ಲಿಲ್ಲ," ಎನ್ನುತ್ತಾರೆ ಕೊನೆಗೆ. "ಇವತ್ತು ಅಪಾ ಅತ್ರು, ನಮ್ಮೋರ ಜಾಗದಲ್ಲೇ. ನಡುವೆ ಒಂದು ಗೊರಗೊರ ಬರದ ಹಾಗೆ ನೋಡ್ಕೊಂಡೆ. ನನ್ನ ಕೈಲಾಗೋದು ಅಷ್ಟೇ."