ರಿಪೇರಿ ಯಜಮಾನರ ಸ್ವಂತ ಕಂಪ್ಯೂಟರ್

"ನನ್ನೆದುರು ಸುಳ್ಳು ಟೈಮ್ ಹೇಳೋ ಕಂಪ್ಯೂಟರ್ ಇನ್ನೂ ಹುಟ್ಟಿಲ್ಲ!" ಎಂಬುದು ರಿಪೇರಿ ಯಜಮಾನರ ಜಂಬ. ಅವರು ಬೀದಿಗಿಳಿದರೆ ಗೋಡೆ ಗಡಿಯಾರಗಳೂ ಗಾಬರಿಯಿಂದ ಮುಳ್ಳು ಸರಿಮಾಡಿಕೊಳ್ಳುತ್ತವಂತೆ. ತಾರೀಖು ಮರೆತ ಕಂಪ್ಯೂಟರ್ ಬಂದರೆ ಹೊಟ್ಟೆ ಬಿಚ್ಚಿ, ನಾಣ್ಯದಂಥ ಸತ್ತ ಸೆಲ್ ಕಿತ್ತು, ಹೊಸದು ಕೂರಿಸಿ, "ಏಳೋ ಕುಂಭಕರ್ಣ" ಎನ್ನುತ್ತಾರೆ. ಆದರೆ ಅವರದೇ ಮೇಜಿನ ಕಂಪ್ಯೂಟರ್ ದಿನಾ ಬೆಳಿಗ್ಗೆ ಇಪ್ಪತ್ತು ವರ್ಷ ಹಿಂದಕ್ಕೆ ಓಡಿಹೋಗಿರುತ್ತದೆ. ನಡುಗುವ ಬೆರಳಲ್ಲಿ ತಾರೀಖು, ಗಂಟೆ, ನಿಮಿಷ ಒತ್ತಿ, ಅದನ್ನು ಕಿವಿ ಹಿಂಡಿ ಇವತ್ತಿಗೆ ಎಳೆತಂದ ಮೇಲೆಯೇ ಅವರು ಗಿರಾಕಿಗಳನ್ನು ಮಾತಾಡಿಸುವುದು. "ಕೈ ನಡುಗುತ್ತೆ, ಅಂಗಡಿ ಮುಚ್ಚಪ್ಪಾ" ಎಂದು ವರ್ಷದಿಂದ ಪೀಡಿಸುತ್ತಿದ್ದ ಮಗಳು ಇವತ್ತು ಕೇಳಿಯೇಬಿಟ್ಟಳು: "ಊರಿಗೆಲ್ಲ ಸೆಲ್ ಹಾಕ್ತೀಯ, ಇದಕ್ಕೊಂದು ಹಾಕಬಾರದಾ?" ಯಜಮಾನರು ಕೊನೆಯ ಅಂಕಿ ಒತ್ತಿ ತಿರುಗಿದರು: "ಹಾಕಿದ್ರೆ, ಈ ಕೈ ಇನ್ನೂ ನನ್ನ ಮಾತು ಕೇಳುತ್ತೆ ಅಂತ ನಿನಗೆ ದಿನಾ ತೋರಿಸೋದು ಹೇಗೆ ತಾಯಿ?"