ಸೊಳ್ಳೆ ಬ್ಯಾಟು ಮತ್ತು ಪಕ್ಕದ ತೋಟದ ಮೋಟರು

ಇದನ್ನ ಹೇಳೋಕೆ ಈಗಲೂ ಮುಖ ಸುಡುತ್ತೆ. ಆದರೂ ಹೇಳಿಬಿಡ್ತೀನಿ, ಎಷ್ಟು ದಿನ ಅಂತ ಹೊಟ್ಟೇಲಿ ಇಟ್ಟುಕೊಳ್ಳೋದು?

ಗೌರಿಬಿದನೂರಿನ ಹತ್ತಿರ, ಹೊಲಗಳ ನಡುವೆ ಸಾಲುಸಾಲಾಗಿ ಆಂಟೆನಾ ನೆಟ್ಟಿರೋ ಕೇಂದ್ರವೊಂದರಲ್ಲಿ ನಾನು ಟೆಕ್ನಿಷಿಯನ್. ದಿನಾ ಮಂಚೇನಹಳ್ಳಿಯಿಂದ ಬಸ್ಸಲ್ಲಿ ಹೋಗಿ ಬರೋನು. ಆ ವರ್ಷ ನಮ್ಮ ಕೆಲಸ ಆಕಾಶದ ರೇಡಿಯೋ ಸಿಡಿತ ಹುಡುಕೋದು. ಊಹೆಗೂ ಸಿಗದ ದೂರದಲ್ಲಿ ಏನೋ ಸಿಡಿಯುತ್ತೆ, ರೆಪ್ಪೆ ಬಡಿಯೋದರೊಳಗೆ ಮುಗಿದೂ ಹೋಗುತ್ತೆ. ಅಷ್ಟು ದೂರದಿಂದ ಬರುವಾಗ ಅದರ ಅಲೆಗಳಲ್ಲಿ ಕೆಲವು ಮುಂದೆ ಬರ್ತವೆ, ಕೆಲವು ಹಿಂದೆ ಬೀಳ್ತವೆ. ಹಾಗಾಗಿ ಪರದೆ ಮೇಲೆ ಗೆರೆ ವಾಲಿಕೊಂಡು ಮೂಡಬೇಕು. ನೆಟ್ಟಗೆ ನಿಂತರೆ ಅದು ನಮ್ಮೂರಿನದೇ ಯಾವುದೋ ಕಿಡಿ, ಬರೀ ಕಸ.

ಆ ಬೇಸಿಗೆ, ಸಂಜೆ ಆಯ್ತು ಅಂದ್ರೆ ಪರದೆ ತುಂಬ ನೆಟ್ಟನೆ ಗೆರೆಗಳು. ಬೆಂಗಳೂರಿಂದ ನಮ್ಮ ವಿಜ್ಞಾನಿ ಮೇಡಂ ಫೋನ್ ಮಾಡಿ, 'ಎಲ್ಲಿಂದ ಬರ್ತಿದೆ, ಹುಡುಕಿ' ಅಂದರು. ಯಾವ ಸ್ಟೇಷನ್ನೂ ಸಿಗದ ಕಡೆ ಮುಳ್ಳು ನಿಲ್ಲಿಸಿದ ಟ್ರಾನ್ಸಿಸ್ಟರ್ ಹಿಡ್ಕೊಂಡು ಬೇಲಿ ಸುತ್ತಿದೆ. ಪಕ್ಕದ ಹಿಪ್ಪುನೇರಳೆ ತೋಟದ ಮೋಟರ್ ಸ್ಟಾರ್ಟರ್ ಹತ್ತಿರ ಅದು ಪಟಪಟ ಅಂತು. ಸಿಕ್ಕಿದನಲ್ಲಪ್ಪಾ ಕಳ್ಳ! ಯಾವ ಸ್ಟಾರ್ಟರ್ ಹತ್ತಿರ ಹಿಡಿದರೂ ಟ್ರಾನ್ಸಿಸ್ಟರ್ ಹಾಗೇ ಕಿರುಚುತ್ತೆ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಳ್ಳ ಬೇಕಾಗಿದ್ದ, ಸಿಕ್ಕಿದ್ದ.

ತೋಟ ನೋಡ್ಕೊಳ್ತಿದ್ದದ್ದು ರೇಷ್ಮೆ ಹುಳ ಮೇಯಿಸೋ ಒಬ್ಬ ಹೆಂಗಸು. 'ಹತ್ತು ದಿನ ಸಂಜೆ ಹೊತ್ತು ಮೋಟರ್ ಹಾಕ್ಬೇಡಿ ಅಮ್ಮ' ಅಂದೆ. ಮೋಟರ್ ಓಡೋಕೆ ಬೇಕಾದ ಮೂರು ಫೇಸ್ ಕರೆಂಟು ಅವರಿಗೆ ಬರ್ತಿದ್ದದ್ದೇ ಸಂಜೆ.

'ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಏಳೋ ಟೈಮು ಕಣಪ್ಪಾ. ಎದ್ದಮೇಲೆ ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ. ನೀರಿಲ್ದಿದ್ರೆ ಸೊಪ್ಪು ಒರಟಾಗೋಗುತ್ತೆ' ಅಂದರು. ಆಮೇಲೆ ಆಂಟೆನಾ ಸಾಲಿನ ಕಡೆ ನೋಡಿ, 'ಏನೋ ದೊಡ್ಡ ಕೆಲಸ ಅಂತೀಯ, ಆಗಲಿ ಬಿಡು' ಅಂತ ಒಪ್ಪಿಕೊಂಡರು.

ಗೆರೆ ಮಾತ್ರ ನಿಲ್ಲಲಿಲ್ಲ. ಆರನೇ ದಿನಕ್ಕೆ ನನಗೆ ಪಿತ್ತ ನೆತ್ತಿಗೇರಿತು. ಬೆಳಗ್ಗೆ ಹಾಲಿನ ಡೈರಿ ಮುಂದೆ ಆಕೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತಿದ್ದರು. ಅರ್ಧ ಊರೇ ಅಲ್ಲಿತ್ತು. 'ಆಗಲಿ ಅಂದು ಕದ್ದು ಮೋಟರ್ ಹಾಕ್ತೀರಲ್ಲ, ನಾಚಿಕೆ ಆಗಲ್ವಾ? ನಮ್ಮ ಮೆಷೀನಲ್ಲಿ ಎಲ್ಲಾ ಕಾಣ್ಸುತ್ತೆ' ಅಂದುಬಿಟ್ಟೆ.

'ದೇವ್ರಾಣೆ ಹಾಕಿಲ್ಲಪ್ಪಾ' ಅಂದರು. ಯಾರೂ ನಂಬಲಿಲ್ಲ. ಮೆಷೀನು ಅಂದಮೇಲೆ ಮುಗೀತಲ್ಲ.

ಹತ್ತು ದಿನ ಕಳೀತು. ಮೇಡಂ ಮತ್ತೆ ಫೋನ್ ಮಾಡಿದರು. 'ನೀವು ಚಿಂತಾಮಣಿಗೆ ಮದುವೆಗೆ ಹೋಗಿದ್ದ ಎರಡು ಸಂಜೆ ಒಂದು ಗೆರೆಯೂ ಇಲ್ಲ. ಏನು ಬದಲಾಗಿತ್ತು?' ನನಗೇನು ಗೊತ್ತು ಅಂದೆ. ಅವತ್ತು ಸಂಜೆ ಅದನ್ನೇ ಯೋಚಿಸ್ತಾ ಪರದೆ ಮುಂದೆ ಕೂತಿದ್ದಾಗ ಕಾಲಿಗೆ ಸೊಳ್ಳೆ ಕಚ್ಚಿತು. ಅಭ್ಯಾಸಬಲ, ಪಕ್ಕದಲ್ಲಿದ್ದ ಕರೆಂಟ್ ಬ್ಯಾಟ್ ಬೀಸಿದೆ. ಚಟ್! ಪರದೆ ಮೇಲೆ ನೆಟ್ಟಗೊಂದು ಗೆರೆ. ಮತ್ತೆ ಬೀಸಿದೆ. ಮತ್ತೊಂದು ಗೆರೆ. ಕಂಟ್ರೋಲ್ ರೂಮಿನ ಕಿಡಿ ಹೊರಗೆ ಹೋಗಬಾರದು ಅಂತಲೇ ಅದರ ಬಾಗಿಲಿಗೆ ತಗಡು ಹೊಡೆದಿರ್ತಾರೆ. ಸೆಕೆ ಅಂತ ಆ ಬಾಗಿಲನ್ನ ದಿನಾ ಹಾರುಹೊಡೆದು ಇಡ್ತಿದ್ದೋನು ನಾನೇ. ಎದ್ದು ಹೋಗಿ ಬಾಗಿಲು ಹಾಕಿದೆ.

ಮಾರನೇ ದಿನ ತೋಟಕ್ಕೆ ಹೋದಾಗ ಆಕೆ ತಟ್ಟೆಗಟ್ಟಲೆ ಸತ್ತ ಹುಳ ತಂದು ತಿಪ್ಪೆಗೆ ಸುರೀತಿದ್ದರು. 'ನಿಮ್ಮ ಮೋಟರ್ ಅಲ್ವಂತೆ ಅಮ್ಮ, ಮೆಷೀನಲ್ಲೇ ಏನೋ ದೋಷ' ಅಂದೆ. ಬ್ಯಾಟಿನ ಮಾತೇ ಎತ್ತಲಿಲ್ಲ. ಅಂಥ ಹೇಡಿ ನಾನು.

ಆಕೆ ಖಾಲಿ ತಟ್ಟೆ ಕೆಳಗಿಟ್ಟರು. 'ಅದನ್ನ ಡೈರಿ ಹತ್ರ ಬಂದು ಹೇಳಪ್ಪಾ. ನೀನು ಅಂದಿದ್ದು ಅಲ್ಲಿ.'

ಹೋದೆ. ಅದೇ ಸಾಲು, ಅದೇ ಜನ. 'ಅಮ್ಮ ಮೋಟರ್ ಹಾಕಿರ್ಲಿಲ್ಲ. ತಪ್ಪು ಮೆಷೀನಿಂದು' ಅಂದೆ.

'ಯಾವ ಮೆಷೀನು?' ಅಂದರು ಆಕೆ.

'ನನ್ನ ಸೊಳ್ಳೆ ಬ್ಯಾಟು' ಅಂದೆ. ಸಾಲಿಗೆ ಸಾಲೇ ಗೊಳ್ಳಂತ ನಕ್ಕಿತು. ಥೂ ನನ್ನ ಜನ್ಮಕ್ಕೆ, ಅವರ ಜೊತೆ ನಾನೂ ನಕ್ಕೆ.

ಆಕೆ ನಗಲಿಲ್ಲ. ನಗು ಇಳಿಯೋವರೆಗೂ ಕಾದರು. 'ಹಸೀ ಸೊಪ್ಪು ಸಿಗದಿದ್ರೆ ಹುಳ ಏನ್ಮಾಡ್ತವೆ ಗೊತ್ತೇನಪ್ಪಾ? ಕೂಗೋಕೆ ಅವಕ್ಕೆ ಬಾಯಿಲ್ಲ. ಸಾಯೋಗಂಟ ತಲೆ ಮೇಲೆತ್ಕೊಂಡು, ಅತ್ಲಾಗೆ ಇತ್ಲಾಗೆ ಹುಡುಕ್ತಾನೇ ಇರ್ತವೆ. ನಾನು ಕೂತು ನೋಡಿದೀನಿ' ಅಂದರು. ಆಮೇಲೆ ಹಾಲು ಅಳೆಯೋಕೆ ಕ್ಯಾನ್ ಮುಂದಿಟ್ಟರು.